ಮೊದಲು ಜಾಗ, ಆಮೇಲೆ ಕೈ: ಆಫೆನ್ಸಿವ್ ಲೈನ್‌ಗೆ ಪಾಸ್ ಪ್ರೊಟೆಕ್ಷನ್ ಕಲಿಸುವ ಸಮಗ್ರ ಮಾರ್ಗದರ್ಶಿ

ಡಲ್ಲಾಸ್ ಪಕ್ಕದ ಫ್ರಿಸ್ಕೊ, ಪ್ಲೇನೋ ಆಗಲಿ, ಕ್ಯಾಲಿಫೋರ್ನಿಯಾದ ಬೇ ಏರಿಯಾ ಆಗಲಿ, ಕನ್ನಡದ ಮನೆಯ ಹುಡುಗ ಹೈಸ್ಕೂಲಿನ ಅಮೆರಿಕನ್ ಫುಟ್‌ಬಾಲ್ ತಂಡ ಸೇರಿದ ಅಂದುಕೊಳ್ಳಿ. ಮೈಕಟ್ಟು ಸ್ವಲ್ಪ ದೊಡ್ಡದಿದ್ದರೆ ಅವನನ್ನು ನೇರವಾಗಿ ಆಫೆನ್ಸಿವ್ ಲೈನ್‌ಗೆ ಕಳಿಸುತ್ತಾರೆ. ಚೆಂಡು ತಮ್ಮ ತಂಡದ ಕೈಯಲ್ಲಿರುವಾಗ ಮುಂದೆ ನಿಂತು ಎದುರಾಳಿಗಳನ್ನು ತಡೆಯುವ ಐವರ ಸಾಲು ಅದು: ನಡುವೆ ಸೆಂಟರ್, ಅವನ ಎರಡೂ ಪಕ್ಕ ಗಾರ್ಡ್, ತುದಿಗಳಲ್ಲಿ ಟ್ಯಾಕಲ್. ಕೈ ಕಡಿಮೆ ಇರುವ ತಂಡಗಳಲ್ಲಿ ಅಪ್ಪನೋ ಅಮ್ಮನೋ ಸಹಾಯಕ ಕೋಚ್ ಆಗಿ ಮೈದಾನಕ್ಕೆ ಇಳಿಯುವುದೂ ಉಂಟು. ಈ ಬರಹ ಅಂಥವರಿಗೆ. ಆಟದ ಮೂಲ ನಿಯಮ ಗೊತ್ತಿದೆ, ಲೈನ್‌ನಲ್ಲಿ ಏನು ನಡೆಯುತ್ತದೆ ಅನ್ನುವುದು ಸರಿಯಾಗಿ ಕಾಣುತ್ತಿಲ್ಲ ಅನ್ನುವವರಿಗೆ.

ಪಾಸ್ ಪ್ರೊಟೆಕ್ಷನ್ ಅಂದರೆ ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆಯುವವರೆಗೆ ಎದುರಾಳಿಗಳನ್ನು ಅವನಿಂದ ದೂರ ಇಡುವುದು. ಬೇಕಾಗುವ ಹೊತ್ತು ಸುಮಾರು ಎರಡೂವರೆಯಿಂದ ಮೂರು ಸೆಕೆಂಡು. ಆದರೆ ಈ ಕೆಲಸ ಹುಡುಗರ ಸ್ವಭಾವಕ್ಕೆ ಪೂರ್ತಿ ವಿರುದ್ಧ. ಯಾರಾದರೂ ಮೈಮೇಲೆ ನುಗ್ಗಿದರೆ ನಾವೂ ನುಗ್ಗೋಣ ಅನಿಸುತ್ತದೆ. ಇಲ್ಲಿ ಹಿಂದೆ ಸರಿಯಬೇಕು, ಸರಿಯುತ್ತಲೇ ಅವನನ್ನು ತಡೆಯಬೇಕು.

ಬಹಳ ಕೋಚ್‌ಗಳು ಮೊದಲ ದಿನವೇ ಪಂಚ್, ಅಂದರೆ ಅಂಗೈಯಿಂದ ಎದುರಾಳಿಯ ಎದೆಗೆ ಹೊಡೆದು ತಡೆಯುವುದನ್ನು ಕಲಿಸಲು ಶುರು ಮಾಡುತ್ತಾರೆ. ದಪ್ಪ ಬ್ಯಾಗ್ ಹಿಡಿದು ಹೊಡೆಸುತ್ತಾರೆ. ಸದ್ದು ಚೆನ್ನಾಗಿ ಬರುತ್ತದೆ, ಹುಡುಗರಿಗೂ ಖುಷಿ. ನನ್ನ ಪ್ರಕಾರ ಇದು ತಲೆಕೆಳಗಾದ ಕ್ರಮ. ಯಾರನ್ನು ಹೊಡೆಯಬೇಕು ಅನ್ನುವುದಕ್ಕಿಂತ ಯಾವ ಜಾಗ ಕಾಯಬೇಕು ಅನ್ನುವುದನ್ನು ಮೊದಲು ಕಲಿಸಿ. ಆಮೇಲೆ ಕಾಲು. ಕೈ ಕೊನೆಗೆ. ಕೆಳಗಿನ ಪ್ರತಿ ಹೆಜ್ಜೆಯೂ ಈ ಒಂದು ಮಾತಿನಿಂದಲೇ ಹುಟ್ಟುತ್ತದೆ.

ಮೈಕಟ್ಟಿನ ಬಗ್ಗೆ ಒಂದು ಮಾತು. ಗಾತ್ರ ಸಹಾಯ ಮಾಡುತ್ತದೆ, ನಿಜ. ಆದರೆ ಇದು ಕಲಿಯಬಹುದಾದ ವಿದ್ಯೆ. ಜೋರ್ಡನ್ ಮೈಲಾಟಾ ಆಸ್ಟ್ರೇಲಿಯಾದಲ್ಲಿ ರಗ್ಬಿ ಲೀಗ್ ಆಡುತ್ತಿದ್ದವರು. 2018ರಲ್ಲಿ ಫಿಲಡೆಲ್ಫಿಯಾ ಈಗಲ್ಸ್ ತಂಡ ಅವರನ್ನು ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ನ ಏಳನೇ ಸುತ್ತಿನಲ್ಲಿ ಆರಿಸಿದಾಗ ಅವರು ಅಮೆರಿಕನ್ ಫುಟ್‌ಬಾಲ್‌ನ ಒಂದು ಪಂದ್ಯವನ್ನೂ ಆಡಿರಲಿಲ್ಲ. ಲೈನ್ ಕೋಚ್ ಜೆಫ್ ಸ್ಟೌಟ್‌ಲ್ಯಾಂಡ್ ಅವರ ಕೈಕೆಳಗೆ ನಿಲ್ಲುವುದರಿಂದಲೇ ಕಲಿಯಲು ಶುರು ಮಾಡಿದರು. ಮುಂದೆ ಆ ತಂಡದ ಲೆಫ್ಟ್ ಟ್ಯಾಕಲ್ ಆದರು, ವೃತ್ತಿಪರ ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದರು. ಅವರ ದೇಹ ಎಲ್ಲರಿಗೂ ಸಿಗುವುದಿಲ್ಲ. ಅವರು ಕಲಿತ ಕ್ರಮ ಎಲ್ಲರಿಗೂ ಸಿಗುತ್ತದೆ.

ಶುರು ಮಾಡುವ ಮೊದಲು ತಿಳಿದಿರಬೇಕಾದ ನಿಯಮಗಳು

ಈಗ ನಾವು ನೋಡುವ ಪಾಸ್ ಬ್ಲಾಕಿಂಗ್ ಬಹಳ ಹಳೆಯದಲ್ಲ. 1978ರಲ್ಲಿ ಅಮೆರಿಕದ ವೃತ್ತಿಪರ ಲೀಗ್ ಎನ್‌ಎಫ್‌ಎಲ್ ನಿಯಮ ಬದಲಾಯಿಸಿತು. ಲೈನ್‌ಮನ್ ತೋಳು ಚಾಚಿ, ಅಂಗೈ ಬಿಚ್ಚಿ ತಡೆಯಬಹುದು ಅಂತಾಯಿತು. ಅದಕ್ಕೆ ಒಂದು ವರ್ಷ ಮೊದಲು, 1977ರಲ್ಲಿ, ರಷರ್‌ಗಳು (ಕ್ವಾರ್ಟರ್‌ಬ್ಯಾಕ್ ಕಡೆ ನುಗ್ಗುವ ಎದುರಾಳಿಗಳು) ಲೈನ್‌ಮನ್‌ನ ಹೆಲ್ಮೆಟ್ಟಿಗೆ ಕೈಯಿಂದ ಬಾರಿಸುವ ‘ಹೆಡ್ ಸ್ಲ್ಯಾಪ್’ ಅನ್ನು ನಿಷೇಧಿಸಿದ್ದರು. ಡೀಕನ್ ಜೋನ್ಸ್ ಅದಕ್ಕೆ ಹೆಸರಾಗಿದ್ದ ಆಟಗಾರ. ಈ ಎರಡು ಬದಲಾವಣೆಗಳಿಂದ ಲೈನ್‌ಮನ್‌ನ ಕೈಗೆ ಕೆಲಸ ಸಿಕ್ಕಿತು.

ಕೈ ಎದುರಾಳಿಯ ಎದೆಯ ಚೌಕಟ್ಟಿನ ಒಳಗೆ ಇರಬೇಕು. ಭುಜದ ಹೊರಗಿನ ಜರ್ಸಿ ಹಿಡಿದು ಎಳೆದರೆ, ಕುತ್ತಿಗೆಗೆ ತೋಳು ಸುತ್ತಿದರೆ ಹೋಲ್ಡಿಂಗ್. ದಂಡ 10 ಯಾರ್ಡ್. ಸೆಂಟರ್ ಚೆಂಡನ್ನು ಹಿಂದಕ್ಕೆ ಕೊಡುವ ಸ್ನ್ಯಾಪ್‌ಗೆ ಮೊದಲು ಅಲುಗಿದರೆ ಫಾಲ್ಸ್ ಸ್ಟಾರ್ಟ್, 5 ಯಾರ್ಡ್. ಪಾಸ್ ಎಸೆಯುವ ಮೊದಲು ಲೈನ್‌ಮನ್ ಮುಂದೆ ಹೋಗಬಾರದು. ಎಷ್ಟು ದೂರ ಅನ್ನುವುದು ಆಡುವ ಮಟ್ಟದ ಮೇಲೆ ನಿಂತಿದೆ: ಎನ್‌ಎಫ್‌ಎಲ್‌ನಲ್ಲಿ 1 ಯಾರ್ಡ್, ಕಾಲೇಜಿನಲ್ಲಿ 3, ಹೆಚ್ಚಿನ ರಾಜ್ಯಗಳ ಹೈಸ್ಕೂಲ್‌ನಲ್ಲಿ 2. ಟೆಕ್ಸಾಸ್ ಹೈಸ್ಕೂಲ್‌ಗಳು ಕಾಲೇಜು ನಿಯಮಗಳನ್ನೇ ಆಧಾರವಾಗಿ ಇಟ್ಟುಕೊಂಡಿವೆ, ಹಾಗಾಗಿ ಅಲ್ಲಿ 3. ಬೇರೆ ರಾಜ್ಯದಿಂದ ಟೆಕ್ಸಾಸ್‌ಗೆ ಬಂದ ಕೋಚ್ ಇದನ್ನು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಒಬ್ಬ ಮೇಲೆ ಹಿಡಿದಿರುವಾಗ ಇನ್ನೊಬ್ಬ ಅದೇ ಎದುರಾಳಿಯ ಕಾಲಿಗೆ ಬೀಳುವುದು ಚಾಪ್ ಬ್ಲಾಕ್. ಅದು ಮೊಣಕಾಲು ಮುರಿಯುವ ಕೆಲಸ. ಯಾವ ಮಟ್ಟದಲ್ಲೂ ಕಲಿಸಬೇಡಿ.

ಮೊದಲ ಹೆಜ್ಜೆ: ಜಾಗ ತೋರಿಸಿ

ಒಂದು ಕೋನ್ ತೆಗೆದುಕೊಳ್ಳಿ. ಕ್ವಾರ್ಟರ್‌ಬ್ಯಾಕ್ ಎಸೆಯುವ ಜಾಗದಲ್ಲಿ ಇಡಿ. ಸೆಂಟರ್‌ನ ಹಿಂದೆ ಕೈ ಹಿಡಿದು ನಿಂತು ಐದು ಹೆಜ್ಜೆ ಹಿಂದೆ ಸರಿಯುವ ಪಾಸ್ ಆದರೆ ಕೋನ್ ಸುಮಾರು 7 ಯಾರ್ಡ್ ಹಿಂದೆ. ಶಾಟ್‌ಗನ್ ಆದರೆ ಅವನು 5 ಯಾರ್ಡ್‌ನಲ್ಲಿ ನಿಂತು ಚೆಂಡು ಪಡೆದು ಇನ್ನಷ್ಟು ಹಿಂದೆ ಹೋಗುತ್ತಾನೆ, ಅದಕ್ಕೆ ತಕ್ಕಂತೆ ಇಡಿ. ಇನ್ನು ಮುಂದೆ ಪ್ರತಿ ಡ್ರಿಲ್‌ನಲ್ಲೂ ಈ ಕೋನ್ ಇರಲೇಬೇಕು. ಕೋನ್ ಇಲ್ಲದೆ ಒಬ್ಬರಿಗೊಬ್ಬರನ್ನು ಬಿಟ್ಟರೆ ಇಬ್ಬರೂ ಸುಮ್ನೆ ಕುಸ್ತಿ ಆಡುತ್ತಾರೆ. ಯಾರು ಗೆದ್ದರು ಅನ್ನುವುದಕ್ಕೆ ಅರ್ಥವೇ ಇರುವುದಿಲ್ಲ.

ಈಗ ಐದೂ ಜನರನ್ನು ಸಾಲಾಗಿ ನಿಲ್ಲಿಸಿ. ಎದುರಿಗೆ ರಷರ್‌ಗಳನ್ನು ನಿಲ್ಲಿಸಿ. ಪ್ರತಿ ರಷರ್‌ನಿಂದ ಕೋನ್‌ಗೆ ಒಂದು ಹಗ್ಗ ಎಳೆಯಿರಿ. ನಿಜವಾದ ಹಗ್ಗವೇ ಇರಲಿ, ಹೈಸ್ಕೂಲ್ ಹುಡುಗರಿಗೂ ಇದು ಬೇಕು. ಆ ಹಗ್ಗ ರಷರ್‌ನ ಹತ್ತಿರದ ದಾರಿ. ಲೈನ್‌ಮನ್‌ನ ಕೆಲಸ ಆ ಹಗ್ಗದ ಮೇಲೆ, ಅದರಿಂದ ಅರ್ಧ ಮೈ ಒಳಗೆ ಉಳಿಯುವುದು. ಒಳಗೆ ಅಂದರೆ ಸೆಂಟರ್ ಇರುವ ಕಡೆ. ಲೈನ್‌ಮನ್‌ನ ಮೂಗು ರಷರ್‌ನ ಒಳಭುಜದ ನೇರಕ್ಕೆ ಬರಬೇಕು.

ಯಾಕೆ ಒಳಗೆ? ಹೊರಗಿನಿಂದ ಬರುವವನು ದೊಡ್ಡ ಸುತ್ತು ಹೊಡೆಯಬೇಕು. ಕ್ವಾರ್ಟರ್‌ಬ್ಯಾಕ್‌ಗೆ ಅವನು ಕಾಣುತ್ತಾನೆ, ಒಂದು ಹೆಜ್ಜೆ ಮುಂದೆ ಬಂದರೆ ರಷರ್ ಹಿಂದಿನಿಂದ ದಾಟಿ ಹೋಗುತ್ತಾನೆ. ಒಳಗಿನಿಂದ ಬಂದರೆ ಹಾಗಲ್ಲ. ದಾರಿ ಚಿಕ್ಕದು. ಮುಂದೆ ಹೆಜ್ಜೆ ಇಡಲು ಜಾಗವೇ ಇಲ್ಲ. ಆದ್ದರಿಂದ ಲೈನ್‌ನ ಮೊದಲ ನಿಯಮ: ಒಳಗೆ ಬಿಡಬೇಡ. ಟ್ಯಾಕಲ್ ಹೊರಗಡೆ ಸೋತರೆ ಬೈಯಬೇಡಿ, ತಿದ್ದಿ. ಒಳಗಡೆ ಸೋತರೆ ಅಭ್ಯಾಸ ಅಲ್ಲೇ ನಿಲ್ಲಿಸಿ, ಹಗ್ಗ ಎಲ್ಲಿತ್ತು ಅಂತ ಕೇಳಿ.

ಜಾಗದ ಲೆಕ್ಕ ಹಾಕುವ ಇನ್ನೊಂದು ದಾರಿಯನ್ನು ಮೈಕ್ ಲೀಚ್ ಟೆಕ್ಸಾಸ್ ಟೆಕ್‌ನಲ್ಲಿ ತೋರಿಸಿದರು. 2000ರಿಂದ 2009ರವರೆಗೆ ಅಲ್ಲಿ ಮುಖ್ಯ ಕೋಚ್ ಆಗಿದ್ದ ಅವರು ಲೈನ್‌ಮನ್‌ಗಳ ನಡುವೆ ಬೇರೆ ತಂಡಗಳಿಗಿಂತ ಬಹಳ ಜಾಸ್ತಿ ಅಂತರ ಬಿಡುತ್ತಿದ್ದರು. ನೋಡಿದವರಿಗೆ ಗಾಬರಿ ಆಗುತ್ತಿತ್ತು. ಆದರೆ ಲೈನ್ ಅಗಲವಾದಷ್ಟೂ ತುದಿಯ ರಷರ್ ಕೂಡ ದೂರ ನಿಲ್ಲಬೇಕು. ಅವನ ಹಗ್ಗ ಉದ್ದವಾಗುತ್ತದೆ. ನಿಮ್ಮ ಹುಡುಗರಿಗೆ ಅಷ್ಟು ಅಂತರ ಬೇಡ. ಆದರೂ ತುದಿಯ ರಷರ್ ತುಂಬಾ ವೇಗದವನಾದರೆ ಟ್ಯಾಕಲ್‌ನನ್ನು ಅರ್ಧ ಅಡಿ ಹೊರಗೆ ಸರಿಸಿ ನೋಡಿ.

ನಿಲುವು

ಕಾಲುಗಳು ಭುಜಕ್ಕಿಂತ ಸ್ವಲ್ಪ ಅಗಲ. ಹೊರಗಿನ ಕಾಲು ಸ್ವಲ್ಪ ಹಿಂದೆ: ಅದರ ಬೆರಳುಗಳು ಒಳಗಿನ ಪಾದದ ನಡುಭಾಗದ ನೇರಕ್ಕೆ ಬಂದರೆ ಸರಿ. ಟ್ಯಾಕಲ್ ಇನ್ನೂ ಸ್ವಲ್ಪ ಹಿಂದಿಟ್ಟರೂ ನಡೆಯುತ್ತದೆ. ಮೊಣಕಾಲು ಮಡಚಿರಬೇಕು, ಸೊಂಟ ಅಲ್ಲ. ಎದೆ ಎತ್ತಿರಬೇಕು. ಭಾರ ಪಾದದ ಒಳಅಂಚಿನಲ್ಲಿ, ಹಿಮ್ಮಡಿ ನೆಲಕ್ಕೆ ತಾಕಿದಂತೆ.

ಒಂದು ಕೈ ನೆಲಕ್ಕೆ ಊರುವ ನಿಲುವಾದರೆ ಆ ಕೈ ಮೇಲೆ ಭಾರ ಹಾಕಬಾರದು. ಬೆರಳ ಗೆಣ್ಣು ಬೆಳ್ಳಗಾಗಿದ್ದರೆ ಹುಡುಗ ಮುಂದಕ್ಕೆ ಒರಗಿದ್ದಾನೆ ಅಂತ ಅರ್ಥ. ಎದುರಿನ ರಷರ್ ಅದನ್ನೇ ನೋಡಿ ರನ್ನೋ ಪಾಸೋ ಅಂತ ಹೇಳಿಬಿಡುತ್ತಾನೆ. ಚಿಕ್ಕ ಮಕ್ಕಳಿಗೆ ಎರಡು ಕಾಲಿನ ನಿಲುವೇ ಸಾಕು. ಮಕ್ಕಳ ಫುಟ್‌ಬಾಲ್ ನಡೆಸುವ ಪಾಪ್ ವಾರ್ನರ್ ಸಂಸ್ಥೆ 2019ರಲ್ಲಿ ತನ್ನ ಅತಿ ಚಿಕ್ಕ ವಯಸ್ಸಿನ ಗುಂಪುಗಳಲ್ಲಿ ಕೈಯೂರಿ ನಿಲ್ಲುವುದನ್ನೇ ತೆಗೆದುಹಾಕಿತು, ತಲೆಗೆ ತಲೆ ಬಡಿಯುವುದು ಕಡಿಮೆಯಾಗಲಿ ಅಂತ. ಪಾಸ್ ಪ್ರೊಟೆಕ್ಷನ್‌ಗೆ ಅದರಿಂದ ನಷ್ಟವೇನೂ ಇಲ್ಲ. ತಲೆ ಎತ್ತಿದ್ದರೆ ಜಾಸ್ತಿ ಕಾಣುತ್ತದೆ.

ಕಾಲು: ಇಲ್ಲೇ ಜಾಸ್ತಿ ಹೊತ್ತು ಕೊಡಿ

ಲೈನ್‌ಮನ್ ಹಿಂದೆ ಸರಿಯುವ ನಡಿಗೆಗೆ ಕಿಕ್ ಸ್ಲೈಡ್ ಅನ್ನುತ್ತಾರೆ. ರೈಟ್ ಟ್ಯಾಕಲ್‌ನನ್ನು ತೆಗೆದುಕೊಳ್ಳೋಣ. ಅವನ ಬಲಗಾಲು ಹೊರಗಿನದು, ಅದು ಕಿಕ್ ಕಾಲು. ಎಡಗಾಲು ಒಳಗಿನದು, ಅದು ಪೋಸ್ಟ್ ಕಾಲು. ಚೆಂಡು ಅಲುಗಿದ ಕೂಡಲೇ ಎಡಗಾಲಿನಿಂದ ನೆಲ ಒತ್ತಬೇಕು. ಬಲಗಾಲು ಹಿಂದಕ್ಕೆ, ಸ್ವಲ್ಪ ಹೊರಕ್ಕೆ ಜಾರಬೇಕು. ಅದು ಎಷ್ಟು ದೂರ ಹೋಯಿತೋ ಎಡಗಾಲು ಅಷ್ಟೇ ದೂರ ಹಿಂಬಾಲಿಸಬೇಕು. ಅಲ್ಲಿಗೆ ಒಂದು ಕಿಕ್. ಕಾಲುಗಳ ಅಂತರ ಶುರುವಿನಲ್ಲಿ ಎಷ್ಟಿತ್ತೋ ಈಗಲೂ ಅಷ್ಟೇ ಇರಬೇಕು.

ಹುಡುಗರು ಇಲ್ಲಿ ಮಾಡುವ ತಪ್ಪುಗಳು ಹೆಚ್ಚೇನಿಲ್ಲ. ಪಾದ ಎತ್ತಿ ಇಡುತ್ತಾರೆ, ಗಾಳಿಯಲ್ಲಿರುವಾಗ ರಷರ್ ತಾಕಿದರೆ ಬೀಳುತ್ತಾರೆ. ಎರಡು ಹಿಮ್ಮಡಿ ಒಂದಕ್ಕೊಂದು ತಾಗಿಸುತ್ತಾರೆ, ಆ ಕ್ಷಣಕ್ಕೆ ಅಡಿಪಾಯವೇ ಇರುವುದಿಲ್ಲ. ಸುಸ್ತಾದ ಹಾಗೆ ಮೊಣಕಾಲು ನೆಟ್ಟಗಾಗುತ್ತದೆ. ಎಲ್ಲಕ್ಕಿಂತ ದೊಡ್ಡದು, ಸೊಂಟ ಬೇಗ ತಿರುಗಿಸುತ್ತಾರೆ. ವೇಗದ ರಷರ್ ಹೊರಗೆ ಓಡಿದ ಅಂದಕೂಡಲೇ ಟ್ಯಾಕಲ್ ಹೆದರಿ ಪಕ್ಕಕ್ಕೆ ತಿರುಗುತ್ತಾನೆ. ರಷರ್ ಅದಕ್ಕೇ ಕಾಯುತ್ತಿರುತ್ತಾನೆ, ಒಂದು ಹೆಜ್ಜೆ ಒಳಗಿಟ್ಟು ಖಾಲಿ ದಾರಿಯಲ್ಲಿ ನುಗ್ಗುತ್ತಾನೆ. ಆದ್ದರಿಂದ ಭಾರ ಸ್ವಲ್ಪ ಜಾಸ್ತಿ ಒಳಗಾಲಿನ ಮೇಲೇ ಇರಲಿ. ರಷರ್ ಕ್ವಾರ್ಟರ್‌ಬ್ಯಾಕ್‌ನ ಆಳಕ್ಕೆ ಬರುವವರೆಗೂ ಭುಜ, ಸೊಂಟ ಎದುರಿಗೇ ಇರಲಿ. ಆ ಆಳ ಮುಟ್ಟಿದ ಮೇಲೆ ತಿರುಗಿ, ಅವನನ್ನು ಕೋನ್‌ನ ಹಿಂದಿನಿಂದ ಆಚೆ ತಳ್ಳಿಕೊಂಡು ಹೋಗಲಿ.

ಕಿಕ್‌ನ ಕೋನ ಬದಲಾಯಿಸಿದರೆ ಬೇರೆ ಬೇರೆ ಸೆಟ್ ಆಗುತ್ತದೆ. ಮೂರು ಸಾಕು.

ನೇರ ಹಿಂದೆ ಸರಿಯುವುದು ವರ್ಟಿಕಲ್ ಸೆಟ್. ರಷರ್ ತುಂಬಾ ಅಗಲ ನಿಂತಾಗ, ಪಾಸ್ ನಿಧಾನದ್ದಾದಾಗ ಇದು ಬೇಕು. ಹೊತ್ತು ಸಿಗುತ್ತದೆ, ಆದರೆ ರಷರ್‌ಗೂ ವೇಗ ಕೂಡುತ್ತದೆ.

ಓರೆಯಾಗಿ, ಸುಮಾರು 45 ಡಿಗ್ರಿಯಲ್ಲಿ ಸರಿಯುವುದು ಆ್ಯಂಗಲ್ ಸೆಟ್. ಹೈಸ್ಕೂಲ್ ಟ್ಯಾಕಲ್‌ಗೆ ದಿನನಿತ್ಯದ ಊಟ ಇದೇ.

ಹಿಂದೆ ಹೋಗದೆ ಲೈನ್ ಮೇಲೇ ಎದುರಿಸುವುದು ಜಂಪ್ ಸೆಟ್. ಚೆಂಡು ಬೇಗ ಹೊರಡುವ ಮೂರು ಹೆಜ್ಜೆಯ ಪಾಸ್‌ಗೆ, ಓಡುವ ಆಟದಂತೆ ನಟಿಸಿ ಎಸೆಯುವ ಪ್ಲೇ ಆ್ಯಕ್ಷನ್‌ಗೆ ಇದು ಸರಿ. ತಪ್ಪಿದರೆ ಮಾತ್ರ ಹಿಂದೆ ಯಾರೂ ಇರುವುದಿಲ್ಲ. ಮೊದಲೆರಡು ಸೆಟ್ ಗಟ್ಟಿಯಾಗುವವರೆಗೆ ಇದನ್ನು ಕಲಿಸಬೇಡಿ.

ಗಾರ್ಡ್ ಮತ್ತು ಸೆಂಟರ್‌ನ ಲೆಕ್ಕ ಬೇರೆ. ಅವರ ಎದುರಾಳಿ ಹತ್ತಿರವೇ ಇದ್ದಾನೆ, ಭಾರವೂ ಜಾಸ್ತಿ. ಅವರು ಚಿಕ್ಕ, ಗಟ್ಟಿ ಹೆಜ್ಜೆ ಇಡಬೇಕು, ಟ್ಯಾಕಲ್‌ನಷ್ಟು ಆಳ ಹೋಗಬಾರದು. ಕ್ವಾರ್ಟರ್‌ಬ್ಯಾಕ್ ಸುತ್ತ ಲೈನ್ ಕಾಯುವ ಜಾಗ, ಅಂದರೆ ಪಾಕೆಟ್‌ನ ಮುಂಭಾಗ ಅವರದು. ಕ್ವಾರ್ಟರ್‌ಬ್ಯಾಕ್ ಮುಂದೆ ಹೆಜ್ಜೆ ಇಡುವ ಜಾಗ ಅವರು ಬಿಟ್ಟುಕೊಡದಿದ್ದರೆ ಮಾತ್ರ ಟ್ಯಾಕಲ್ ಹೊರಗೆ ತಳ್ಳಿದ್ದಕ್ಕೆ ಬೆಲೆ.

ಕಾಲಿಗೆ ಅತ್ಯುತ್ತಮ ಡ್ರಿಲ್ ಮಿರರ್. ಲೈನ್‌ಮನ್‌ನ ಕೈ ಬೆನ್ನ ಹಿಂದೆ. ಎದುರಿನ ಹುಡುಗ ಎಡ ಬಲ ಓಡುತ್ತಾನೆ, ಇವನು ಕಾಲಿನಲ್ಲೇ ಅವನ ಎದುರು ಉಳಿಯಬೇಕು. ಐದು ಸೆಕೆಂಡು, ಅದಕ್ಕಿಂತ ಜಾಸ್ತಿ ಬೇಡ. ಸುಸ್ತಾದ ಕಾಲಿಗೆ ಕೆಟ್ಟ ಅಭ್ಯಾಸವೇ ಅಂಟುತ್ತದೆ. ಇನ್ನೊಂದು, ಮೈದಾನದ ಬಿಳಿ ಗೆರೆಯ ಮೇಲೆ ಕಿಕ್ ಮಾಡಿಸುವುದು. ಒಳಗಾಲು ಗೆರೆಯ ಮೇಲೇ ಉಳಿಯಿತೋ ಇಲ್ಲವೋ ಹುಡುಗನಿಗೇ ಕಾಣುತ್ತದೆ, ನೀವು ಹೇಳಬೇಕಾಗಿಲ್ಲ.

ಕೈ: ತಡವಾಗಿ, ಹತ್ತಿರದಿಂದ

ಮೊಣಕೈ ಪಕ್ಕೆಲುಬಿಗೆ ಹತ್ತಿರ, ಹೆಬ್ಬೆರಳು ಮೇಲೆ. ಹೊಡೆತ ಅಂಗೈಯ ಬುಡದಿಂದ. ಗುರಿ ರಷರ್‌ನ ಎದೆಯ ಅಂಕಿಗಳ ಹೊರ ಅಂಚು. ಕೈ ಚಾಚಿ ತಳ್ಳಿದರೂ ಮೊಣಕೈ ಪೂರ್ತಿ ಲಾಕ್ ಆಗಬಾರದು, ತಲೆ ಮುಂದೆ ಹೋಗಬಾರದು. ತಲೆ ಮುಂದೆ ಹೋದರೆ ಭಾರವೂ ಮುಂದೆ ಹೋಗುತ್ತದೆ. ರಷರ್ ಕೈ ಕೊಡವಿ ಪಕ್ಕಕ್ಕೆ ಸರಿದರೆ ಹುಡುಗ ನೆಲ ಕಚ್ಚುತ್ತಾನೆ.

ಯಾವಾಗ ಹೊಡೆಯಬೇಕು ಅನ್ನುವುದು ಎಲ್ಲಕ್ಕಿಂತ ಕಷ್ಟದ ಪಾಠ. ಬೇಗ ಹೊಡೆದರೆ ಕೈ ಗಾಳಿಗೆ ಹೋಗುತ್ತದೆ. ಕನ್ನಡದ ಮನೆಯ ಹುಡುಗರಿಗೆ ನಾನು ರಾಹುಲ್ ದ್ರಾವಿಡ್ ಬ್ಯಾಟಿಂಗ್ ತೋರಿಸುತ್ತೇನೆ. ಚೆಂಡನ್ನು ಹುಡುಕಿಕೊಂಡು ಬ್ಯಾಟ್ ಹೋಗುವುದಿಲ್ಲ. ಕಾಲು ಮೊದಲೇ ಜಾಗಕ್ಕೆ ಬಂದಿರುತ್ತದೆ, ಚೆಂಡು ಕಣ್ಣಿನ ಕೆಳಗೆ ಬಂದ ಮೇಲೆ ಬ್ಯಾಟ್ ತಾಗುತ್ತದೆ. ಇಲ್ಲೂ ಅದೇ. ತೋಳಿನ ಅಳತೆಯೊಳಗೆ ರಷರ್ ಬರುವವರೆಗೆ ಕೈ ತಡೆದಿಟ್ಟುಕೊಳ್ಳಬೇಕು.

ಎರಡೂ ಕೈ ಒಟ್ಟಿಗೆ ಹೊಡೆಯುವ ರೂಢಿಯನ್ನು ನಿಧಾನವಾಗಿ ಬಿಡಿಸಿ. ಒಂದು ಕೈ ಹೊಡೆದಾಗ ಇನ್ನೊಂದು ಕೈ ಕಾಯುತ್ತಿರಬೇಕು. ಮೊದಲ ಕೈ ಕೊಡವಿದರೆ ಎರಡನೆಯದು ಇದೆ. ಕೊಡವಿದ ಕೈಯನ್ನು ಕೂಡಲೇ ಮತ್ತೆ ಒಳಗೆ ತರಬೇಕು. ಮೂರು ಸೆಕೆಂಡಿನಲ್ಲಿ ಕೈ ಎರಡು ಮೂರು ಸಲ ಹೊಸದಾಗಿ ಇಡಬೇಕಾದೀತು. ಪಂಚ್ ಒಂದೇ ಸಲ ಅಂದುಕೊಂಡ ಹುಡುಗ ಅದು ತಪ್ಪಿದ ಮೇಲೆ ಹಿಡಿದು ಎಳೆಯಲು ಶುರು ಮಾಡುತ್ತಾನೆ. ಹೋಲ್ಡಿಂಗ್ ಬಹುಪಾಲು ಹುಟ್ಟುವುದು ಅಲ್ಲಿಂದಲೇ.

ಎಳೆಯುವ ಚಟ ಬಿಡಿಸಲು ಎರಡೂ ಅಂಗೈಯಲ್ಲಿ ಟೆನಿಸ್ ಚೆಂಡು ಹಿಡಿಸಿ ಬ್ಲಾಕ್ ಮಾಡಿಸಿ. ಹಿಡಿಯಲು ಆಗುವುದೇ ಇಲ್ಲ. ಕಾಲು ಸರಿಸಲೇಬೇಕಾಗುತ್ತದೆ. ರಷರ್ ಭುಜ ದಾಟಿ ಹೋದ ಮೇಲೆ ಕೈ ಬಿಡುವುದನ್ನೂ ಅಭ್ಯಾಸ ಮಾಡಿಸಿ. ರೆಫರಿಗಳ ಕಣ್ಣಿಗೆ ಬೀಳುವುದು ಆ ಕೊನೆಯ ಎಳೆತ.

ಬುಲ್ ರಷ್ ಬಂದಾಗ ಆ್ಯಂಕರ್

ಬುಲ್ ರಷ್‌ನಲ್ಲಿ ರಷರ್ ಪಕ್ಕಕ್ಕೆ ಹೋಗದೆ ನೇರ ಎದೆಗೆ ಎದೆ ಕೊಟ್ಟು ತಳ್ಳುತ್ತಾನೆ. ಆಗ ಕಾಲೂರಿ ತಡೆದು ನಿಲ್ಲುವುದೇ ಆ್ಯಂಕರ್. ಇಲ್ಲಿ ಒಂದೇ ಸಲಕ್ಕೆ ನಿಲ್ಲಿಸಬೇಕು ಅಂತ ಹೊರಟರೆ ಹುಡುಗ ಬೆನ್ನ ಮೇಲೆ ಬೀಳುತ್ತಾನೆ. ಎರಡು ಚಿಕ್ಕ ಜಿಗಿತ ಹಿಂದಕ್ಕೆ, ಎರಡೂ ಪಾದ ಒಟ್ಟಿಗೆ ನೆಲಕ್ಕೆ. ಪ್ರತಿ ಜಿಗಿತದಲ್ಲೂ ಸೊಂಟ ಇನ್ನಷ್ಟು ಕೆಳಗೆ. ಕೈಗಳು ರಷರ್‌ನ ಕೈಗಳ ಕೆಳಗಿನಿಂದ ಒಳಗೆ ಬಂದು ಅವನ ಎದೆಯನ್ನು ಮೇಲಕ್ಕೆ ಎತ್ತಬೇಕು. ಅವನ ಪ್ಯಾಡ್ ಮೇಲೆ ಹೋದರೆ ಅವನ ಕಾಲಿನ ಬಲ ಮುಗಿಯಿತು. ಒಂದೆರಡು ಯಾರ್ಡ್ ಬಿಟ್ಟುಕೊಟ್ಟರೆ ಪರವಾಗಿಲ್ಲ, ಕೋನ್ ಇನ್ನೂ ಹಿಂದಿದೆ. ಜಾಗದ ಪಾಠ ಮೊದಲೇ ಕಲಿತ ಹುಡುಗನಿಗೆ ಇದು ಗೊತ್ತಿರುತ್ತದೆ, ಆದ್ದರಿಂದ ಗಾಬರಿ ಬೀಳುವುದಿಲ್ಲ.

ಡ್ರಿಲ್ ಸುಲಭ. ರಷರ್ ಮೊದಲೇ ಕೈ ಇಟ್ಟು ನಿಂತಿರಲಿ, ಅರ್ಧ ಬಲದಲ್ಲಿ ತಳ್ಳಲಿ. ಓಡಿ ಬಂದು ಗುದ್ದುವುದು ಬೇಡ.

ರಷರ್‌ನ ಬೇರೆ ಪಟ್ಟುಗಳು

ಸ್ವಿಮ್ ಅಂದರೆ ತೋಳು ಮೇಲೆತ್ತಿ ಲೈನ್‌ಮನ್‌ನ ಭುಜದ ಮೇಲಿಂದ ಹಾಯಿಸಿ ದಾಟುವುದು. ತೋಳು ಎತ್ತಿದ ಕೂಡಲೇ ಅವನ ಪಕ್ಕೆ ತೆರೆದುಕೊಳ್ಳುತ್ತದೆ. ಅಲ್ಲಿ ಕೈ ಇಟ್ಟು ಒತ್ತಿ, ಕಾಲು ಸರಿಸಿದರೆ ಸಾಕು. ರಿಪ್ ಅಂದರೆ ಕೆಳಗಿನಿಂದ ತೋಳು ತೂರಿಸುವುದು. ಆ ಭುಜವನ್ನು ಕೆಳಕ್ಕೆ ಒತ್ತಿ ಅವನ ಜೊತೆಗೇ ಓಡಬೇಕು. ಸ್ಪಿನ್‌ಗೆ ಕೈಗಿಂತ ಕಾಲು ಮುಖ್ಯ: ಅವನು ಬೆನ್ನು ತೋರಿಸಿದಾಗ ಮುಂದೆ ಬೀಳದೆ ಒಳಗೆ ಒಂದು ಹೆಜ್ಜೆ ಸರಿದು ಕಾದರೆ ಅವನು ತಿರುಗಿ ನೇರ ನಿಮ್ಮ ಕೈಗೇ ಬರುತ್ತಾನೆ. ಉದ್ದ ತೋಳಿನ ರಷರ್ ಒಂದೇ ಕೈ ಚಾಚಿ ಎದೆಗೆ ಒತ್ತಿದರೆ ಅವನ ಮಣಿಕಟ್ಟನ್ನು ಕೆಳಗಿನಿಂದ ಎತ್ತಿಬಿಡಬೇಕು.

ಇವನ್ನೆಲ್ಲ ಒಂದೇ ವಾರದಲ್ಲಿ ತುಂಬಬೇಡಿ. ಮುಂದಿನ ಪಂದ್ಯದ ರಷರ್ ಯಾವ ಪಟ್ಟನ್ನು ಜಾಸ್ತಿ ಹಾಕುತ್ತಾನೆ ಅಂತ ನೋಡಿ, ಅದಕ್ಕೆ ತಯಾರು ಮಾಡಿ.

ಐವರೂ ಒಟ್ಟಾಗಿ: ಯಾರಿಗೆ ಯಾರು

ಒಬ್ಬೊಬ್ಬರೂ ಚೆನ್ನಾಗಿ ಆಡಿ ಐವರೂ ಸೋಲಬಹುದು. ಒಬ್ಬ ರಷರ್‌ನ ಮೇಲೆ ಇಬ್ಬರು ನಿಂತು ಇನ್ನೊಬ್ಬ ಖಾಲಿ ಬಂದರೆ ಮುಗಿಯಿತು. 2002ರಲ್ಲಿ ಎನ್‌ಎಫ್‌ಎಲ್‌ಗೆ ಹೊಸದಾಗಿ ಬಂದ ಹ್ಯೂಸ್ಟನ್ ಟೆಕ್ಸನ್ಸ್ ತಂಡದ ಕ್ವಾರ್ಟರ್‌ಬ್ಯಾಕ್ ಡೇವಿಡ್ ಕಾರ್ ಆ ಒಂದೇ ಸೀಸನ್‌ನಲ್ಲಿ 76 ಸಲ ಸ್ಯಾಕ್ ಆದರು, ಅಂದರೆ ಚೆಂಡು ಎಸೆಯುವ ಮೊದಲೇ ಎದುರಾಳಿಗಳ ಕೈಗೆ ಸಿಕ್ಕಿ ಬಿದ್ದರು. ಒಂದು ಸೀಸನ್‌ಗೆ ಅದು ದಾಖಲೆ. ಜೊತೆಯಾಗಿ ಆಡಿ ಅಭ್ಯಾಸವಿಲ್ಲದ ಹೊಸ ಲೈನ್‌ನ ಹಿಂದೆ ನಿಲ್ಲುವುದು ಎಷ್ಟು ಕಷ್ಟ ಅನ್ನುವುದನ್ನು ನೆನೆಯಲು ಆ ಅಂಕಿ ಸಾಕು.

ಮ್ಯಾನ್ ಪ್ರೊಟೆಕ್ಷನ್‌ನಲ್ಲಿ ಪ್ರತಿಯೊಬ್ಬನಿಗೂ ಒಬ್ಬ ಎದುರಾಳಿ ಇರುತ್ತಾನೆ. ಸ್ಲೈಡ್‌ನಲ್ಲಿ ಎಲ್ಲರೂ ಒಂದೇ ಕಡೆ ಸರಿದು ತಮ್ಮ ಪಕ್ಕದ ಖಾಲಿ ಜಾಗವನ್ನು, ಅಂದರೆ ಗ್ಯಾಪ್ ಅನ್ನು ಕಾಯುತ್ತಾರೆ. ಬಿಟ್ಟುಹೋದ ತುದಿಯನ್ನು ರನ್ನಿಂಗ್ ಬ್ಯಾಕ್ (ಲೈನ್‌ನ ಹಿಂದೆ ನಿಲ್ಲುವ, ಚೆಂಡು ಹಿಡಿದು ಓಡುವ ಆಟಗಾರ) ನೋಡಿಕೊಳ್ಳುತ್ತಾನೆ. ಹಾಫ್ ಸ್ಲೈಡ್‌ನಲ್ಲಿ ಮೂವರು ಸರಿಯುತ್ತಾರೆ, ಇಬ್ಬರು ಮ್ಯಾನ್ ಆಡುತ್ತಾರೆ. ಹೈಸ್ಕೂಲ್‌ಗೆ ಶುರುವಿನಲ್ಲಿ ನಾನು ಫುಲ್ ಸ್ಲೈಡ್ ಕಲಿಸುತ್ತೇನೆ. ಜಾಗ ಕಾಯುವ ಪಾಠಕ್ಕೆ ಅದು ನೇರ ಹೊಂದುತ್ತದೆ: ಗ್ಯಾಪ್ ನಿನ್ನದು, ಅದಕ್ಕೆ ಯಾರು ಬಂದರೂ ನಿನ್ನವನು. ಮ್ಯಾನ್ ಆಮೇಲೆ ಸೇರಿಸಬಹುದು. ಸ್ಲೈಡ್‌ನ ದೌರ್ಬಲ್ಯ ಒಂದಿದೆ. ಚಿಕ್ಕ ಮೈಯ ರನ್ನಿಂಗ್ ಬ್ಯಾಕ್‌ಗೆ ದೊಡ್ಡ ರಷರ್ ಸಿಗಬಹುದು. ಅದಕ್ಕೆ ಎದುರಾಳಿಯ ಅತ್ಯುತ್ತಮ ರಷರ್ ಇರುವ ಕಡೆಗೇ ಸ್ಲೈಡ್ ಮಾಡಿಸಿ.

ದಿಕ್ಕನ್ನು ಕೂಗಿ ಹೇಳುವ ಕೆಲಸ ಸೆಂಟರ್‌ನದು. ಎಡಕ್ಕೆ ‘ಎಲ್’ ಅಕ್ಷರದ ಪದ, ಬಲಕ್ಕೆ ‘ಆರ್’ ಅಕ್ಷರದ ಪದ: ‘ಲಕ್ಕಿ’, ‘ರಿಂಗೋ’ ಹೀಗೆ. ಅವನು ಎದುರಾಳಿಗಳ ಮುಂದಿನ ಸಾಲಿನ ಹಿಂದೆ ನಿಲ್ಲುವ ಮಧ್ಯದ ಲೈನ್‌ಬ್ಯಾಕರ್ ಕಡೆ ಬೆರಳು ತೋರಿಸಿ ‘ಮೈಕ್’ ಅಂತ ಗುರುತಿಸುತ್ತಾನೆ. ಉಳಿದವರ ಲೆಕ್ಕ ಅಲ್ಲಿಂದ ಶುರು. ಸೆಂಟರ್ ಕೂಗಿದ್ದನ್ನು ಗಾರ್ಡ್‌ಗಳು ಕೂಗಬೇಕು, ಗಾರ್ಡ್ ಕೂಗಿದ್ದನ್ನು ಟ್ಯಾಕಲ್ ಕೂಗಬೇಕು. ನಾಚಿಕೆಯ ಹುಡುಗ ಬಾಯಿ ಬಿಡುವುದಿಲ್ಲ. ಬಿಡುವವರೆಗೆ ಸ್ನ್ಯಾಪ್ ಕೊಡಬೇಡಿ.

ಒಂದು ಗಣಿತ ಎಲ್ಲರಿಗೂ ಬಾಯಿಪಾಠ ಬರಬೇಕು. ಐದು ಲೈನ್‌ಮನ್, ಒಬ್ಬ ರನ್ನಿಂಗ್ ಬ್ಯಾಕ್, ಒಟ್ಟು ಆರು. ಏಳು ಜನ ಬಂದರೆ ಒಬ್ಬ ಖಾಲಿ ಬಂದೇ ಬರುತ್ತಾನೆ. ಅದು ಲೈನ್‌ನ ತಪ್ಪಲ್ಲ. ಕ್ವಾರ್ಟರ್‌ಬ್ಯಾಕ್ ಅವನನ್ನು ನೋಡಿ ಚೆಂಡು ಬೇಗ ಬಿಡಬೇಕು. ಆದರೆ ಆ ಖಾಲಿ ಬರುವವನು ಎಲ್ಲರಿಗಿಂತ ಹೊರಗಿನವನೇ ಆಗಿರಬೇಕು. ಅವನ ಹಗ್ಗ ಎಲ್ಲರಿಗಿಂತ ಉದ್ದ, ಅಲ್ವಾ?

ಟ್ವಿಸ್ಟ್: ಜಾಗದ ಪಾಠ ಇಲ್ಲಿ ಕೈ ಹಿಡಿಯುತ್ತದೆ

ಎದುರಿನ ಇಬ್ಬರು ರಷರ್‌ಗಳು ದಾರಿ ಅದಲು ಬದಲು ಮಾಡಿಕೊಳ್ಳುವುದು ಟ್ವಿಸ್ಟ್. ಒಬ್ಬ ಮೊದಲು ಓರೆಯಾಗಿ ನುಗ್ಗಿ ದಾರಿ ಕೆಡಿಸುತ್ತಾನೆ. ಇನ್ನೊಬ್ಬ ಅವನ ಹಿಂದಿನಿಂದ ಸುತ್ತಿ ಬರುತ್ತಾನೆ. ಮನುಷ್ಯನ ಬೆನ್ನು ಹತ್ತಿದ ಲೈನ್‌ಮನ್‌ಗಳು ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಾರೆ, ನಡುವೆ ದಾರಿ ಬಿಡುತ್ತಾರೆ. ಜಾಗ ಕಾಯುವವರಿಗೆ ಅಷ್ಟು ತೊಂದರೆ ಆಗುವುದಿಲ್ಲ.

ಎದುರಾಳಿ ಸಾಲಿನ ಒಳಗಿನ ಡಿಫೆನ್ಸಿವ್ ಟ್ಯಾಕಲ್ ಹೊರಗೆ ನುಗ್ಗಿ, ತುದಿಯ ಎಂಡ್ ಒಳಗೆ ಸುತ್ತಿ ಬಂದ ಅಂದುಕೊಳ್ಳಿ. ಗಾರ್ಡ್‌ನ ಎದುರಾಳಿ ಹೊರಗೆ ಓಡುತ್ತಾನೆ. ಗಾರ್ಡ್ ಕೂಡಲೇ ಬಿಟ್ಟುಬಿಡಬಾರದು. ಒಂದು ಗಟ್ಟಿ ತಳ್ಳು ಕೊಟ್ಟು ಅವನನ್ನು ಪಕ್ಕದ ಟ್ಯಾಕಲ್‌ನ ಕೈಗೆ ಒಪ್ಪಿಸಬೇಕು. ಟ್ಯಾಕಲ್‌ನ ಎದುರಾಳಿ ಇದ್ದಕ್ಕಿದ್ದಂತೆ ಹಿಂದೆ ಸರಿದು ಮಾಯವಾಗುತ್ತಾನೆ. ಅದೇ ಸೂಚನೆ. ನಿನ್ನವನು ದೂರ ಹೋದರೆ ಇನ್ನೊಬ್ಬ ಬರುತ್ತಿದ್ದಾನೆ, ಒಳಗೆ ಕಣ್ಣು ಹಾಯಿಸು. ಟ್ಯಾಕಲ್ ನುಗ್ಗಿದವನನ್ನು ತೆಗೆದುಕೊಳ್ಳುತ್ತಾನೆ, ಗಾರ್ಡ್ ಸುತ್ತಿ ಬರುವವನಿಗೆ ಕಾಯುತ್ತಾನೆ.

ಎಂಡ್ ಮೊದಲು ಒಳಗೆ ನುಗ್ಗಿದರೆ ಇದೇ ಪಾಠ ತಿರುಗುಮುರುಗು. ಟ್ಯಾಕಲ್ ಅವನನ್ನು ಗಾರ್ಡ್‌ಗೆ ಒಪ್ಪಿಸಿ, ಹೊರಗೆ ಸುತ್ತಿ ಬರುವವನಿಗೆ ಕಾಯುತ್ತಾನೆ.

ಇದು ನಡೆಯಬೇಕಾದರೆ ಗಾರ್ಡ್ ಮತ್ತು ಟ್ಯಾಕಲ್ ಒಂದೇ ಆಳದಲ್ಲಿ ಇರಬೇಕು. ಟ್ಯಾಕಲ್ ಮೂರು ಯಾರ್ಡ್ ಹಿಂದೆ, ಗಾರ್ಡ್ ಲೈನ್ ಮೇಲೇ ಇದ್ದರೆ ಒಪ್ಪಿಸುವುದು ಸಾಧ್ಯವೇ ಇಲ್ಲ. ಟ್ವಿಸ್ಟ್ ಮಾಡುವ ತಂಡದ ವಿರುದ್ಧ ವರ್ಟಿಕಲ್ ಸೆಟ್ ಕಡಿಮೆ ಮಾಡಿ, ಆ್ಯಂಗಲ್ ಸೆಟ್ ಚಿಕ್ಕದು ಮಾಡಿ. ಸ್ನ್ಯಾಪ್‌ಗೆ ಮೊದಲೇ ಸುಳಿವು ಸಿಗುವುದೂ ಉಂಟು. ಎಂಡ್ ಎಂದಿಗಿಂತ ಒಳಗೆ ನಿಂತಿದ್ದರೆ, ಇಬ್ಬರಲ್ಲಿ ಒಬ್ಬ ಲೈನ್‌ನಿಂದ ಹಿಂದೆ ನಿಂತಿದ್ದರೆ, ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರೆ ‘ಟ್ವಿಸ್ಟ್’ ಅಂತ ಕೂಗಲು ಹೇಳಿ. ಸುಳ್ಳಾದರೂ ನಷ್ಟವಿಲ್ಲ.

ಕಲಿಸುವಾಗ ಇಬ್ಬರಿಗಿಬ್ಬರು. ಮೊದಲು ನಡೆದು, ಆಮೇಲೆ ಅರ್ಧ ವೇಗ, ಆಮೇಲೆ ಪೂರ್ತಿ. ನೀವು ಲೈನ್‌ಮನ್‌ಗಳ ಹಿಂದೆ ನಿಂತು ಬೆರಳಿನಲ್ಲಿ ರಷರ್‌ಗಳಿಗೆ ದಾರಿ ತೋರಿಸಿ. ಕೆಲವು ಸಲ ಟ್ವಿಸ್ಟ್, ಕೆಲವು ಸಲ ನೇರ. ಮೊದಲೇ ಗೊತ್ತಾದರೆ ಅದು ಕುಣಿತ, ಅಭ್ಯಾಸವಲ್ಲ.

ವಾರದ ಅಭ್ಯಾಸ

ಪಂದ್ಯ ಶುಕ್ರವಾರ ಅಂದುಕೊಂಡರೆ ಸೋಮವಾರ ವಿಡಿಯೊ ಮತ್ತು ಕಾಲಿನ ಕೆಲಸ. ಮಂಗಳವಾರ, ಬುಧವಾರ ಮೈ ತಾಗುವ ಡ್ರಿಲ್, ಒಬ್ಬರಿಗೊಬ್ಬರು, ಟ್ವಿಸ್ಟ್, ಕೊನೆಗೆ ಐವರೂ ಸೇರಿ. ಗುರುವಾರ ಬರೀ ನಡಿಗೆ ಮತ್ತು ಕೂಗು. ಕಿಕ್ ಸ್ಲೈಡ್ ಮಾತ್ರ ದಿನವೂ, ಮೈ ಬಿಸಿ ಮಾಡುವಾಗಲೇ.

ಮೈ ತಾಗುವ ಅಭ್ಯಾಸಕ್ಕೆ ಮಿತಿ ಇದೆ, ಇರಲೇಬೇಕು. ಕ್ಯಾಲಿಫೋರ್ನಿಯಾದಲ್ಲಿ 2015ರಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ ಸೀಸನ್ ನಡೆಯುವಾಗ ಹೈಸ್ಕೂಲ್ ತಂಡ ವಾರಕ್ಕೆ ಎರಡು ದಿನಕ್ಕಿಂತ ಜಾಸ್ತಿ ಪೂರ್ತಿ ಮೈ ತಾಗುವ ಅಭ್ಯಾಸ ಮಾಡುವಂತಿಲ್ಲ, ದಿನಕ್ಕೆ 90 ನಿಮಿಷ ಮೀರುವಂತಿಲ್ಲ. ನಿಮ್ಮ ರಾಜ್ಯದ ನಿಯಮ ಕೇಳಿ ತಿಳಿದುಕೊಳ್ಳಿ. ಲೈನ್‌ಮನ್‌ಗೆ ತಲೆಯ ಸಣ್ಣ ಸಣ್ಣ ಬಡಿತ ಪ್ರತಿ ಆಟದಲ್ಲೂ ಆಗುತ್ತದೆ. ತಲೆ ಹಿಂದೆ ಇಟ್ಟು ಕೈಯಲ್ಲಿ ತಡೆಯುವ ಪಾಠ ಬರೀ ಆಟಕ್ಕಲ್ಲ, ಆ ಹುಡುಗನ ಮುಂದಿನ ಬದುಕಿಗೂ ಬೇಕು. ತಲೆ ಸುತ್ತು, ವಾಂತಿ, ಮಂಕು ಕಂಡರೆ ಆ ದಿನ ಆಟ ಬಂದ್. ಡಾಕ್ಟರ್ ಒಪ್ಪಿದ ಮೇಲೆಯೇ ಮತ್ತೆ ಮೈದಾನ. ಇದರಲ್ಲಿ ಚೌಕಾಸಿ ಇಲ್ಲ. ಆಗಸ್ಟ್ ಬಿಸಿಲಿನಲ್ಲಿ ನೀರಿನ ವಿರಾಮಕ್ಕೂ ಹಾಗೆಯೇ.

ವಿಡಿಯೊ ನೋಡುವಾಗ, ಪಂದ್ಯ ನಡೆಯುವಾಗ

ಎತ್ತರದಿಂದ, ಗೋಲ್ ಪೋಸ್ಟ್ ಕಡೆಯಿಂದ ತೆಗೆದ ವಿಡಿಯೊ ಬೇಕು. ಪಕ್ಕದಿಂದ ತೆಗೆದದ್ದರಲ್ಲಿ ಲೈನ್ ಕಾಣುವುದಿಲ್ಲ. ಒಂದು ಆಟವನ್ನು ಐದು ಸಲ ನೋಡಿ, ಒಂದೊಂದು ಸಲ ಒಬ್ಬೊಬ್ಬನನ್ನು. ಮೊದಲ ಕಿಕ್‌ನ ಹೊತ್ತಿಗೆ ನಿಲ್ಲಿಸಿ. ಹಗ್ಗದ ಮೇಲಿದ್ದಾನಾ? ಎರಡನೇ ಕಿಕ್‌ನಲ್ಲಿ ಮತ್ತೆ ನಿಲ್ಲಿಸಿ. ಸೋತದ್ದು ಕೈಯಲ್ಲಿ ಅಂತ ಹುಡುಗ ಹೇಳುತ್ತಾನೆ. ಹಿಂದಕ್ಕೆ ಹೋಗಿ ನೋಡಿದರೆ ಬಹಳ ಸಲ ಕಾಲು ಮೊದಲೇ ಸೋತಿರುತ್ತದೆ. ಸ್ಯಾಕ್ ಆಗಲಿಲ್ಲ ಅಂದಮಾತ್ರಕ್ಕೆ ಒಳ್ಳೆಯ ಬ್ಲಾಕ್ ಅಂತ ಬರೆದುಕೊಳ್ಳಬೇಡಿ, ಕ್ವಾರ್ಟರ್‌ಬ್ಯಾಕ್ ಓಡಿ ತಪ್ಪಿಸಿಕೊಂಡಿರಬಹುದು.

ಗೆದ್ದ ಆಟಗಳನ್ನೂ ತೋರಿಸಿ. ಲೈನ್‌ಮನ್‌ನ ಹೆಸರನ್ನು ಮೈಕ್‌ನಲ್ಲಿ ಕೂಗುವುದು ಫೌಲ್ ಆದಾಗ ಮಾತ್ರ. ಕ್ಲೀವ್‌ಲ್ಯಾಂಡ್ ಬ್ರೌನ್ಸ್‌ನ ಲೆಫ್ಟ್ ಟ್ಯಾಕಲ್ ಜೋ ಥಾಮಸ್ 2007ರಿಂದ 2017ರವರೆಗೆ ಸತತ 10,363 ಸ್ನ್ಯಾಪ್ ಆಡಿದರು, ಒಂದನ್ನೂ ತಪ್ಪಿಸಲಿಲ್ಲ. ನಿಮ್ಮ ಹುಡುಗರಿಗೆ ಅವರ ಹೆಸರು ಗೊತ್ತಿರಲಿ. ಅವರ ಕಾಲುಗಳನ್ನು ನೋಡಲಿ.

ಪಂದ್ಯದ ಮಧ್ಯೆ ಒಬ್ಬ ಟ್ಯಾಕಲ್ ಪದೇ ಪದೇ ಸೋಲುತ್ತಿದ್ದರೆ ಸೈಡ್‌ಲೈನ್‌ನಲ್ಲಿ ಹೊಸ ತಂತ್ರ ಕಲಿಸಲು ಹೋಗಬೇಡಿ. ಸ್ಲೈಡ್ ಅವನ ಕಡೆಗೆ ತಿರುಗಿಸಿ. ರನ್ನಿಂಗ್ ಬ್ಯಾಕ್ ಹೊರಡುವ ಮೊದಲು ಆ ರಷರ್‌ನ ಭುಜಕ್ಕೆ ಒಂದು ತಳ್ಳು ಕೊಟ್ಟು ಹೋಗಲಿ. ಎರಡು ಮೂರು ಪಾಸ್ ಬೇಗ ಬಿಡುವಂಥವು ಕೂಗಲು ಮುಖ್ಯ ಕೋಚ್‌ಗೆ ಹೇಳಿ. ಹುಡುಗನಿಗೆ ಒಂದೇ ಮಾತು: ಒಳಗೆ ಕಾಯಿ, ಹೊರಗಡೆ ಸಹಾಯ ಇದೆ. ಅವನ ಕಾಲಿನ ಕೆಲಸ ಸೋಮವಾರ ನೋಡಿಕೊಳ್ಳಬಹುದು.